ಯೂರೋಪಿನ ಕ್ರೂಸ್ ಪ್ರವಾಸ: ಮಂಗಳೂರು, ಉಡುಪಿಯ ದಂಪತಿಗಳಿಗೊಂದು ಮಾರ್ಗದರ್ಶಿ

ಮಳೆಗಾಲ ಕಳೆದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುವ ಸುದ್ದಿಯನ್ನು ನಾವು ವರ್ಷ ವರ್ಷವೂ ಪತ್ರಿಕೆಗಳಲ್ಲಿ ಓದುತ್ತೇವೆ. ಬೆಳಗ್ಗೆ ಇಳಿದ ಪ್ರಯಾಣಿಕರು ಬಸ್ಸು ಹತ್ತಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೋ ಕಾರ್ಕಳದ ಗೊಮ್ಮಟನನ್ನೋ ಕದ್ರಿ ದೇವಸ್ಥಾನವನ್ನೋ ಅಲೋಶಿಯಸ್ ಚಾಪೆಲನ್ನೋ ನೋಡಿಕೊಂಡು, ಹೊತ್ತು ಮುಳುಗುವ ಮೊದಲೇ ಹಡಗಿಗೆ ಮರಳುತ್ತಾರೆ. ಅವರ ಪಾಲಿನ ಮಂಗಳೂರು ಎಂದರೆ ಆ ಕೆಲವು ಗಂಟೆಗಳು ಮಾತ್ರ. ಯೂರೋಪಿನ ಕ್ರೂಸ್‌ಗೆ ಹೊರಡುವ ನಮ್ಮ ದಂಪತಿಗಳಿಗೆ ರೋಮ್, ಅಥೆನ್ಸ್, ಬಾರ್ಸಿಲೋನಾ ಸಿಗುವುದೂ ಇದೇ ಅಳತೆಯಲ್ಲಿ. ಆದ್ದರಿಂದ ಹಡಗಿನಲ್ಲಿ ಎಷ್ಟು ಈಜುಕೊಳಗಳಿವೆ, ಎಷ್ಟು ಊಟದ ಮನೆಗಳಿವೆ ಎಂಬುದಕ್ಕಿಂತ ಮೊದಲು ಪ್ರತಿ ಬಂದರಿನಲ್ಲಿ ನೆಲದ ಮೇಲೆ ಎಷ್ಟು ಗಂಟೆ ಸಿಗುತ್ತದೆ, ಬಂದರಿನಿಂದ ಊರು ಎಷ್ಟು ದೂರವಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಪ್ರವಾಸದ ಸುಖದುಃಖ ಬಹುಮಟ್ಟಿಗೆ ಈ ಎರಡು ಉತ್ತರಗಳಲ್ಲೇ ಇದೆ.

ಗಂಡ ಹೆಂಡತಿ ಇಬ್ಬರೇ ಹೋಗುವ ಪ್ರವಾಸಕ್ಕೆ ಕ್ರೂಸ್ ಚೆನ್ನಾಗಿ ಒಗ್ಗುತ್ತದೆ. ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇರುತ್ತಾರೆಂಬ ಲೆಕ್ಕದಲ್ಲೇ ಹಡಗಿನ ಕಂಪನಿಗಳು ತಲಾ ದರ ನಿಗದಿ ಮಾಡುತ್ತವೆ. ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿಟ್ಟರೆ ನಾಲ್ಕೈದು ಊರು ನೋಡಿ ಮುಗಿಯುವ ತನಕ ಮತ್ತೆ ಕಟ್ಟುವ ಕೆಲಸವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರ ಮಂಡಿ ನೋಯುತ್ತಿದ್ದರೆ ಅವರು ಹಡಗಿನಲ್ಲೇ ಉಳಿದು ವಿಶ್ರಾಂತಿ ಪಡೆಯಬಹುದು, ಇನ್ನೊಬ್ಬರು ಊರು ನೋಡಿ ಬರಬಹುದು; ಬಸ್ಸಿನ ಪ್ಯಾಕೇಜ್ ಪ್ರವಾಸದಲ್ಲಿ ಈ ಸ್ವಾತಂತ್ರ್ಯ ಇರುವುದಿಲ್ಲ. ಆದರೆ ಒಂದೇ ಊರಿನ ಓಣಿಗಳಲ್ಲಿ ನಾಲ್ಕು ದಿನ ಸುಮ್ಮನೆ ಅಲೆದಾಡಬೇಕು, ರಾತ್ರಿಯ ನಗರವನ್ನು ನೋಡಬೇಕು ಎಂಬ ಆಸೆ ಇಬ್ಬರಿಗೂ ಇದ್ದರೆ ಕ್ರೂಸ್ ಬೇಡ. ಹೆಚ್ಚಿನ ಹಡಗುಗಳು ಸಂಜೆ ಐದು, ಆರು ಗಂಟೆಗೆ ಬಂದರು ಬಿಡುತ್ತವೆ.

ಮೊದಲು ದಾರಿ, ಆಮೇಲೆ ಹಡಗು

ಮೆಡಿಟರೇನಿಯನ್ ಕಡಲಿನ ಪಶ್ಚಿಮ ಭಾಗದ ಕ್ರೂಸ್ ಸಾಮಾನ್ಯವಾಗಿ ಬಾರ್ಸಿಲೋನಾ, ಮಾರ್ಸೇ, ಜಿನೋವಾ, ಚಿವಿತಾವೆಕ್ಕಿಯಾ, ನೇಪಲ್ಸ್, ಪಾಲ್ಮಾಗಳನ್ನು ಸುತ್ತುತ್ತದೆ. ಮೊದಲ ಸಲ ಹೋಗುವ ದಂಪತಿಗೆ ನಾನು ಸೂಚಿಸುವುದು ಇದನ್ನೇ. ಒಂದು ವಾರದಲ್ಲಿ ಮುಗಿಯುತ್ತದೆ, ಬಹುಪಾಲು ಬಂದರುಗಳು ಶೆಂಗೆನ್ ವಲಯದಲ್ಲೇ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯೂರೋಪಿನ ದೇಶಗಳ ಗುಂಪು) ಇರುವುದರಿಂದ ವೀಸಾದ ಗೋಜಲು ಕಡಿಮೆ, ಹೆಚ್ಚಿನ ಕಡೆ ರೈಲಿನಲ್ಲೋ ನಡೆದೋ ಊರಿಗೆ ಹೋಗಬಹುದು. ಪೂರ್ವ ಭಾಗದ ಕ್ರೂಸ್‌ನಲ್ಲಿ ಅಥೆನ್ಸ್‌ನ ಪಿರೇಯಸ್ ಬಂದರು, ಸ್ಯಾಂಟೊರಿನಿ, ಮೈಕೊನೊಸ್, ತುರ್ಕಿಯ ಕುಶಾದಸಿ ಬರುತ್ತವೆ. ಆಡ್ರಿಯಾಟಿಕ್ ಕಡಲಿನ ದಾರಿಯಲ್ಲಿ ಕ್ರೊಯೇಷ್ಯಾದ ಡುಬ್ರೊವ್ನಿಕ್, ಮಾಂಟೆನೆಗ್ರೊದ ಕೊಟೊರ್ ಸೇರುತ್ತವೆ. ಚೆಲುವಿನಲ್ಲಿ ಈ ಪೂರ್ವದ ದಾರಿಯೇ ಒಂದು ಕೈ ಮೇಲು. ಕೊಟೊರ್‌ಗೆ ಹೋಗುವ ಹಡಗು ಬೆಟ್ಟಗಳ ನಡುವಿನ ಕೊಲ್ಲಿಯೊಳಗೆ ನಿಧಾನವಾಗಿ ಸಾಗಿ, ಕೋಟೆಗೋಡೆಯ ಹಳೆಯ ಊರಿನ ಎದುರಿಗೇ ಬಂದು ನಿಲ್ಲುತ್ತದೆ. ಆ ದಿನ ಇಬ್ಬರೂ ಬೆಳಕು ಹರಿಯುವ ಹೊತ್ತಿಗೆ ಮೇಲಿನ ಡೆಕ್ಕಿನಲ್ಲಿರಬೇಕು; ಮಾಲ್ಟಾದ ವಲೆಟ್ಟಾ ಬಂದರನ್ನು ಪ್ರವೇಶಿಸುವ ದಿನವೂ ಹಾಗೆಯೇ.

ನಾರ್ವೆಯ ಫಿಯೋರ್ಡ್‌ಗಳದು, ಅಂದರೆ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಕಿರಿದಾದ ಕೊಲ್ಲಿಗಳದು, ಬೇರೆಯೇ ಲೋಕ. ಗೈರಾಂಗರ್ ಮತ್ತು ನ್ಯಾರಾಯ್ ಫಿಯೋರ್ಡ್‌ಗಳು 2005ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಅಲ್ಲಿ ನೋಡಬೇಕಾದದ್ದು ಊರಲ್ಲ, ನೀರಿನಿಂದ ನೇರವಾಗಿ ಎದ್ದ ಬೆಟ್ಟಗಳು ಮತ್ತು ಅವುಗಳಿಂದ ಧುಮುಕುವ ಜಲಪಾತಗಳು; ಹಾಗಾಗಿ ಹಡಗಿನಲ್ಲೇ ಕುಳಿತು ಎಲ್ಲವನ್ನೂ ಕಾಣಬಹುದು. ತುಂಬ ನಡೆಯಲಾಗದ ಹಿರಿಯ ದಂಪತಿಗಳಿಗೆ ಇದು ಹಿತವಾದ ಆಯ್ಕೆ. ದೊಡ್ಡ ಹಡಗಿನ ಗದ್ದಲ ಬೇಡವೆನ್ನುವವರು ಬರ್ಗೆನ್‌ನಿಂದ ಕಿರ್ಕೆನೆಸ್ ತನಕ 34 ಬಂದರುಗಳನ್ನು ಮುಟ್ಟುವ ಕರಾವಳಿ ಹಡಗನ್ನು ಹತ್ತಬಹುದು. 1893ರಲ್ಲಿ ಅಂಚೆ ಮತ್ತು ಸರಕು ಸಾಗಣೆಗಾಗಿ ಆರಂಭವಾದ ಆ ಸೇವೆ ಈಗಲೂ ಊರವರನ್ನೂ ಪ್ರವಾಸಿಗರನ್ನೂ ಒಟ್ಟಿಗೆ ಕರೆದೊಯ್ಯುತ್ತದೆ. ಹೋಗಿ ಬರಲು 12 ದಿನ ಬೇಕು.

ನದಿಯ ಕ್ರೂಸ್ ಎಂಬ ಇನ್ನೊಂದು ಬಗೆಯೂ ಇದೆ. ಡ್ಯಾನ್ಯೂಬ್ ನದಿಯಲ್ಲಿ ಪಸ್ಸಾವ್, ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್. ರೈನ್ ನದಿಯಲ್ಲಿ ಆಮ್‌ಸ್ಟರ್‌ಡಾಮ್, ಕಲೋನ್, ಸ್ಟ್ರಾಸ್‌ಬರ್ಗ್, ಬಾಸೆಲ್. ಇನ್ನೂರಕ್ಕೂ ಕಡಿಮೆ ಜನರಿರುವ ಈ ಉದ್ದನೆಯ ಹಡಗುಗಳು ಅನೇಕ ಕಡೆ ಊರಿನ ನಡುವೆಯೇ ದಕ್ಕೆಗೆ ಕಟ್ಟುತ್ತವೆ, ಅಲೆಯ ತೊನೆದಾಟವಿಲ್ಲ, ಇಳಿದ ಕೂಡಲೇ ಪೇಟೆ. ದರ ಮಾತ್ರ ಕಡಲಿನ ಕ್ರೂಸ್‌ಗಿಂತ ಸಾಕಷ್ಟು ಹೆಚ್ಚು. ಬೇಸಗೆಯ ಕೊನೆಯಲ್ಲಿ ನದಿಯ ನೀರು ತೀರ ತಗ್ಗಿದರೆ ಹಡಗು ಸಾಗುವುದಿಲ್ಲ. 2018 ಮತ್ತು 2022ರ ಬರದಲ್ಲಿ ರೈನ್ ನದಿಯ ಸಂಚಾರಕ್ಕೆ ಹೀಗೆ ತೊಡಕಾಗಿತ್ತು. ಆಗ ಪ್ರಯಾಣಿಕರನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ದಕ್ಕೆಯಲ್ಲಿ ಜಾಗ ಸಾಲದಿದ್ದರೆ ಒಂದು ಹಡಗಿನ ಪಕ್ಕಕ್ಕೆ ಇನ್ನೊಂದನ್ನು ಕಟ್ಟುತ್ತಾರೆ, ಆಗ ಬಾಲ್ಕನಿಯಿಂದ ಕಾಣುವುದು ಪಕ್ಕದ ಹಡಗಿನ ಕಿಟಕಿ. ನದಿ ಕ್ರೂಸ್‌ನಲ್ಲಿ ದುಬಾರಿ ಬಾಲ್ಕನಿಗೆ ಹಣ ಸುರಿಯುವ ಮುನ್ನ ಇದನ್ನು ನೆನಪಿಡಬೇಕು.

ಕರಪತ್ರದ ಊರು, ಹಡಗು ನಿಲ್ಲುವ ಊರು

ಕ್ರೂಸ್ ಕಂಪನಿಯ ಕರಪತ್ರದಲ್ಲಿ ‘ರೋಮ್’ ಎಂದಿದ್ದರೆ ಹಡಗು ನಿಲ್ಲುವುದು ಚಿವಿತಾವೆಕ್ಕಿಯಾದಲ್ಲಿ. ಅಲ್ಲಿಂದ ರೋಮ್‌ಗೆ ರೈಲಿನಲ್ಲಿ ಒಂದು ಗಂಟೆಗೂ ಮೇಲೆ ಬೇಕು, ಬಂದರಿನ ಗೇಟಿನಿಂದ ರೈಲು ನಿಲ್ದಾಣಕ್ಕೆ ಹೋಗುವ ಸಮಯ ಬೇರೆ. ‘ಫ್ಲಾರೆನ್ಸ್’ ಎಂದರೆ ಲಿವೋರ್ನೊ ಅಥವಾ ಲಾ ಸ್ಪೆಜಿಯಾ. ‘ಪ್ಯಾರಿಸ್’ ಎಂದರೆ ಲ ಆವ್ರ್, ಸುಮಾರು 200 ಕಿಲೋಮೀಟರ್ ದೂರ. ‘ಬರ್ಲಿನ್’ ಎಂದರೆ ಬಾಲ್ಟಿಕ್ ತೀರದ ವಾರ್ನೆಮುಂಡೆ. ಅಲ್ಲಿಂದ ಬರ್ಲಿನ್‌ಗೆ ಹೋಗುವುದಕ್ಕೇ ಸುಮಾರು ಮೂರು ಗಂಟೆ, ಬರುವುದಕ್ಕೂ ಅಷ್ಟೇ. ವೆನಿಸ್‌ನ ವಿಷಯ ಇನ್ನೂ ಸೂಕ್ಷ್ಮವಾದದ್ದು. 25,000 ಟನ್‌ಗಿಂತ ದೊಡ್ಡ ಹಡಗುಗಳು ಅಲ್ಲಿನ ಜುಡೆಕ್ಕಾ ಕಾಲುವೆಯನ್ನು ಪ್ರವೇಶಿಸದಂತೆ ಇಟಲಿ ಸರಕಾರ 2021ರ ಆಗಸ್ಟ್ 1ರಿಂದ ನಿಷೇಧಿಸಿದೆ. ಹೀಗಾಗಿ ‘ವೆನಿಸ್’ ಎಂದು ಬರೆದಿದ್ದರೂ ಹಡಗು ಮಾರ್ಗೆರಾದಲ್ಲೋ ಟ್ರಿಯೆಸ್ತೆಯಲ್ಲೋ ರವೆನ್ನಾದಲ್ಲೋ ನಿಲ್ಲಬಹುದು. ರವೆನ್ನಾದಿಂದ ವೆನಿಸ್‌ಗೆ ಬಸ್ಸಿನಲ್ಲಿ ಎರಡು ಗಂಟೆಗೂ ಹೆಚ್ಚು ಹಿಡಿಯುತ್ತದೆ.

ಆದ್ದರಿಂದ ಬುಕಿಂಗ್ ಮಾಡುವ ಮೊದಲು ಇಬ್ಬರೂ ಕುಳಿತು ಒಂದು ಹಾಳೆಯಲ್ಲಿ ಬಂದರಿನ ನಿಜವಾದ ಹೆಸರು, ಹಡಗು ಬರುವ ಸಮಯ, ಬಿಡುವ ಸಮಯ, ಊರಿಗಿರುವ ದೂರ ಇಷ್ಟನ್ನು ಬರೆದುಕೊಳ್ಳಿ. ಹಡಗು ಬಂದ ಮೇಲೆ ಇಳಿಯಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಬಿಡುವುದಕ್ಕೆ ಅರ್ಧ ಗಂಟೆ ಮುಂಚೆ, ಕೆಲವೊಮ್ಮೆ ಒಂದು ಗಂಟೆ ಮುಂಚೆಯೇ ಎಲ್ಲರೂ ಹಡಗಿನೊಳಗೆ ಇರಬೇಕು. ಇವನ್ನೂ ಹೋಗಿ ಬರುವ ಸಮಯವನ್ನೂ ಕಳೆದರೆ ಉಳಿಯುವುದೇ ನಿಮ್ಮ ನಿಜವಾದ ಗಂಟೆಗಳು. ಹತ್ತು ಗಂಟೆ ಎಂದು ಕಂಡದ್ದು ಐದಕ್ಕೆ ಇಳಿಯುವುದು ಸಾಮಾನ್ಯ. ಅದೇ ಲೆಕ್ಕದಲ್ಲಿ ಬಾರ್ಸಿಲೋನಾ, ನೇಪಲ್ಸ್, ವಲೆಟ್ಟಾ, ಕೊಟೊರ್ ಮುಂತಾದ, ಊರಿಗೆ ಅಂಟಿಕೊಂಡಿರುವ ಬಂದರುಗಳ ಬೆಲೆ ತಾನಾಗಿ ಏರುತ್ತದೆ.

ಇದರ ಜತೆಗೆ ಇನ್ನೊಂದು ಕೆಲಸ ಮಾಡಿದರೆ ಒಳ್ಳೆಯದು. ಗಂಡ ಹೆಂಡತಿ ಇಬ್ಬರೂ, ಒಬ್ಬರದನ್ನು ಇನ್ನೊಬ್ಬರು ನೋಡದಂತೆ, ತಾವು ಬಿಡಲಾಗದ ಮೂರು ಜಾಗಗಳನ್ನು ಬರೆಯಬೇಕು. ಎರಡೂ ಪಟ್ಟಿಗಳಲ್ಲಿ ಇರುವ ಊರಿಗೆ ಇಡೀ ದಿನ ಕೊಡಬೇಕು; ಒಂದರಲ್ಲಿ ಮಾತ್ರ ಇರುವುದಕ್ಕೆ ಇನ್ನೊಬ್ಬರು ಜತೆಗೂಡಬಹುದು ಅಥವಾ ಹಡಗಿನಲ್ಲಿ ಉಳಿಯಬಹುದು; ಯಾವ ಪಟ್ಟಿಯಲ್ಲೂ ಇಲ್ಲದ ಬಂದರಿನಲ್ಲಿ ಇಳಿದು ಕಡಲ ದಂಡೆಯಲ್ಲಿ ಕಾಫಿ ಕುಡಿದು ಬಂದರೆ ಸಾಕು. ಇಷ್ಟು ಹಣ ಕೊಟ್ಟಿದ್ದೇವೆ, ಎಲ್ಲವನ್ನೂ ನೋಡಿಯೇ ತೀರಬೇಕು ಎಂಬ ಹಟದಲ್ಲಿ ದಿನಕ್ಕೊಂದು ನಗರವನ್ನು ಓಡುತ್ತ ಮುಗಿಸಿದವರಿಗೆ ನಾಲ್ಕನೆಯ ದಿನದ ಹೊತ್ತಿಗೆ ಯಾವ ಚರ್ಚು ಯಾವ ಊರಿನದು ಎಂಬುದೇ ಮರೆತಿರುತ್ತದೆ.

ಯಾವ ತಿಂಗಳು

ಮೆಡಿಟರೇನಿಯನ್ ಕ್ರೂಸ್‌ನ ಮುಖ್ಯ ಋತು ಏಪ್ರಿಲ್‌ನಿಂದ ಅಕ್ಟೋಬರ್ ತನಕ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ರೋಮ್, ಅಥೆನ್ಸ್‌ಗಳ ಉಷ್ಣತೆ 35 ಡಿಗ್ರಿ ದಾಟುವುದು ಸಾಮಾನ್ಯ. ಬಿಸಿಗಾಳಿಯ ದಿನಗಳಲ್ಲಿ ಅಕ್ರೊಪೊಲಿಸ್ ಬೆಟ್ಟವನ್ನು ನಡು ಮಧ್ಯಾಹ್ನ ಮುಚ್ಚಿದ್ದೂ ಇದೆ. ನಮ್ಮ ಕರಾವಳಿಯ ಸೆಖೆಗೆ ಒಗ್ಗಿದವರಿಗೂ ನೆರಳಿಲ್ಲದ ಕಲ್ಲುಹಾಸಿನ ಮೇಲೆ ಆ ಬಿಸಿಲು ಕಷ್ಟ ಕೊಡುತ್ತದೆ. ಯೂರೋಪಿನ ಶಾಲೆಗಳಿಗೆ ರಜೆ ಇರುವುದರಿಂದ ದರವೂ ಜನಸಂದಣಿಯೂ ಆಗಲೇ ಹೆಚ್ಚು. ಮೇ ತಿಂಗಳು, ಜೂನ್ ಮೊದಲ ಭಾಗ, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದ ತನಕ ಉತ್ತಮ ಕಾಲ. ಮೇ ತಿಂಗಳಲ್ಲಿ ನಮ್ಮಲ್ಲಿ ಮದುವೆ, ಗೃಹಪ್ರವೇಶಗಳ ಕರೆಯೋಲೆ ರಾಶಿ ಬಿದ್ದಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಚೌತಿ, ಅಷ್ಟಮಿ, ನವರಾತ್ರಿಗಳ ದಿನಾಂಕ ನೋಡಿಕೊಳ್ಳಬೇಕು. ಮನೆಯ ದೇವರ ಕೆಲಸ ತಪ್ಪಿಸಿ ಹೊರಟವರ ಮನಸ್ಸು ಹಡಗಿನಲ್ಲಿ ನೆಮ್ಮದಿಯಾಗಿರುವುದಿಲ್ಲ, ಆದ್ದರಿಂದ ಪಂಚಾಂಗವನ್ನು ನೋಡಿಯೇ ಬುಕಿಂಗ್ ಮಾಡುವುದು ಒಳ್ಳೆಯದು. ನಾರ್ವೆಗೆ ಮೇ ನಡುವಿನಿಂದ ಆಗಸ್ಟ್ ತನಕ ಹೋಗಬಹುದು.

ಮಳೆಗಾಲದಲ್ಲಿ ಹೊರಡುವವರು ಊರಿನಿಂದ ಹೊರಬೀಳುವ ದಾರಿಯನ್ನೇ ಮೊದಲು ಯೋಚಿಸಬೇಕು. ಮಂಗಳೂರಿನಿಂದ ಯೂರೋಪಿಗೆ ನೇರ ವಿಮಾನವಿಲ್ಲ. ಬೆಂಗಳೂರು, ಮುಂಬಯಿ ಅಥವಾ ಕೊಲ್ಲಿಯ ನಗರಗಳ ಮೂಲಕ ಹೋಗಬೇಕು. ಜೂನ್‌ನಿಂದ ಆಗಸ್ಟ್ ತನಕ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದು, ರೈಲು ತಡವಾಗುವುದು, ಮೋಡ ಕವಿದು ಬಜಪೆಯಲ್ಲಿ ಇಳಿಯಬೇಕಾದ ವಿಮಾನ ಬೇರೆಡೆಗೆ ತಿರುಗುವುದು ಇವೆಲ್ಲ ನಮಗೆ ಗೊತ್ತಿರುವ ಸಂಗತಿಗಳೇ. ಹಾಗಾಗಿ ಮಂಗಳೂರಿನಿಂದ ಯೂರೋಪಿನ ಊರಿನ ತನಕ ಒಂದೇ ಟಿಕೆಟ್ ಇರಲಿ. ಮೊದಲ ವಿಮಾನ ತಪ್ಪಿದರೆ ಮುಂದಿನದಕ್ಕೆ ವ್ಯವಸ್ಥೆ ಮಾಡುವ ಹೊಣೆ ಆಗ ವಿಮಾನ ಸಂಸ್ಥೆಯದಾಗುತ್ತದೆ. ಬೇರೆ ಬೇರೆ ಟಿಕೆಟ್ ಕೊಂಡು ಕೊಲ್ಲಿಯಲ್ಲಿ ವಿಮಾನ ಬದಲಿಸುವುದಾದರೆ ಲಗೇಜನ್ನು ಅಲ್ಲಿ ಬಿಡಿಸಿಕೊಂಡು ಮತ್ತೆ ಕೊಡಬೇಕಾಗಬಹುದು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ಯಾವ ಕಾಲದಲ್ಲಿ ಹೋದರೂ ಹಡಗು ಹೊರಡುವ ದಿನಕ್ಕೆ ಕನಿಷ್ಠ ಒಂದು ದಿನ ಮೊದಲು ಆ ಊರು ತಲುಪಿ ಹೋಟೆಲಿನಲ್ಲಿ ಮಲಗಬೇಕು. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ.

ವೀಸಾ

ಶೆಂಗೆನ್ ವೀಸಾದ ಕೆಲಸವನ್ನು ಪ್ರವಾಸಕ್ಕೆ ಆರು ತಿಂಗಳು ಮೊದಲಿನಿಂದ ಆರಂಭಿಸಬಹುದು. ಮೂರು ತಿಂಗಳಿಗಿಂತ ತಡ ಮಾಡಬಾರದು, ಏಕೆಂದರೆ ಬೇಸಗೆಯ ತಿಂಗಳುಗಳಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ನೀಡಿದ್ದಾಗಿರಬೇಕು, ಯೂರೋಪಿನಿಂದ ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟಗಳಾದರೂ ಖಾಲಿ ಇರಬೇಕು. ಶುಲ್ಕ ವಯಸ್ಕರಿಗೆ 90 ಯೂರೋ. ಅರ್ಜಿ ಪಡೆಯುವ ಕೇಂದ್ರದ ಸೇವಾ ಶುಲ್ಕ ಪ್ರತ್ಯೇಕ. ಬೆರಳಚ್ಚು ಕೊಡಲು ನಮ್ಮವರು ಸಾಮಾನ್ಯವಾಗಿ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ಕಡತದಲ್ಲಿ ಉಳಿಯುತ್ತದೆ.

ಕ್ರೂಸ್ ಪ್ರಯಾಣಿಕರು ಎಡವುವುದು ಎರಡು ಕಡೆ. ಮೊದಲನೆಯದು, ಯಾವ ದೇಶಕ್ಕೆ ಅರ್ಜಿ ಹಾಕಬೇಕೆಂಬುದು. ಹೆಚ್ಚು ದಿನ ಕಳೆಯುವ ದೇಶಕ್ಕೆ, ಎಲ್ಲ ಕಡೆಯೂ ದಿನಗಳು ಸಮವಾಗಿದ್ದರೆ ಮೊದಲು ಪ್ರವೇಶಿಸುವ ದೇಶಕ್ಕೆ ಎಂಬುದು ನಿಯಮ. ಹಡಗು ಇಟಲಿಯಿಂದ ಹೊರಟು ಇಟಲಿಯದೇ ಎರಡು ಮೂರು ಬಂದರು ಮುಟ್ಟುವುದಾದರೆ, ಮುಂಚಿನ ದಿನದ ಹೋಟೆಲೂ ಅಲ್ಲೇ ಆದರೆ, ಇಟಲಿಗೆ ಹಾಕಬೇಕು. ಎರಡನೆಯದು ಇದಕ್ಕಿಂತ ಗಂಭೀರ. ಕುಶಾದಸಿ, ಕೊಟೊರ್, ಅಥವಾ ಬ್ರಿಟನ್ನಿನ ಯಾವುದೇ ಬಂದರು ಮುಟ್ಟಿದರೆ ನೀವು ಶೆಂಗೆನ್ ವಲಯದಿಂದ ಹೊರಗೆ ಹೋದಂತೆ; ಮರುದಿನ ಗ್ರೀಸಿಗೋ ಕ್ರೊಯೇಷ್ಯಾಕ್ಕೋ ಬಂದರೆ ಅದು ಎರಡನೆಯ ಪ್ರವೇಶ. ಒಂದೇ ಪ್ರವೇಶದ ವೀಸಾ ಇದ್ದರೆ ಹಡಗಿನ ಕಂಪನಿ ಮೊದಲ ದಿನವೇ ಹತ್ತಲು ಬಿಡುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ಬಹುಪ್ರವೇಶದ ವೀಸಾ ಬೇಕೆಂದು ಗುರುತಿಸಿ, ಹಡಗಿನ ದಿನವಾರು ದಾರಿಪಟ್ಟಿಯನ್ನು ಲಗತ್ತಿಸಿ, ಯಾವ ದಿನ ಯಾವ ಬಂದರಿಗಾಗಿ ಹೊರಗೆ ಹೋಗುತ್ತೀರೆಂಬುದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಬೇಕು. ಕ್ರೊಯೇಷ್ಯಾ 2023ರ ಜನವರಿ 1ರಿಂದ ಶೆಂಗೆನ್ ವಲಯಕ್ಕೆ ಸೇರಿದೆ; ಹಳೆಯ ಪುಸ್ತಕಗಳಲ್ಲಿ ಬೇರೆ ರೀತಿ ಇದ್ದರೆ ನಂಬಬೇಡಿ. ಬ್ರಿಟನ್ನಿಗೆ ಅದರದೇ ಪ್ರತ್ಯೇಕ ವೀಸಾ ಬೇಕು. ತುರ್ಕಿಯಂಥ ದೇಶಗಳಿಗೆ ಏನು ಬೇಕೆಂಬುದನ್ನು ಹಡಗಿನ ಕಂಪನಿಯಿಂದ ಲಿಖಿತವಾಗಿ ಪಡೆದುಕೊಳ್ಳಿ, ಏಜೆಂಟರ ಬಾಯಿಮಾತು ಸಾಲದು.

ದಂಪತಿಗಳ ಅರ್ಜಿಯಲ್ಲಿ ಹೆಸರಿನ ತೊಡಕು ಆಗಾಗ ಕಾಣಿಸುತ್ತದೆ. ಮದುವೆಗೆ ಮುಂಚೆ ಮಾಡಿಸಿದ ಪಾಸ್‌ಪೋರ್ಟ್‌ನಲ್ಲಿ ಹೆಂಡತಿಯ ತವರಿನ ಹೆಸರು, ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿದ ಇನ್ನೊಂದು ಹೆಸರು ಇರುತ್ತದೆ. ನೋಂದಣಿ ಕಚೇರಿಯ ವಿವಾಹ ಪ್ರಮಾಣಪತ್ರ ಇಲ್ಲದವರು ಮೊದಲು ಅದನ್ನು ಮಾಡಿಸಿಕೊಳ್ಳಿ. ಹಳೆಯ ತಲೆಮಾರಿನವರ ಹತ್ತಿರ ಮದುವೆಯ ಕರೆಯೋಲೆ, ಫೋಟೋ ಬಿಟ್ಟರೆ ಬೇರೆ ದಾಖಲೆ ಇರುವುದಿಲ್ಲ. ಹೆಂಡತಿ ಗೃಹಿಣಿಯಾಗಿದ್ದರೆ ಖರ್ಚು ತಾನು ಭರಿಸುತ್ತೇನೆಂಬ ಗಂಡನ ಪತ್ರ, ಅವರ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಆದಾಯ ತೆರಿಗೆ ರಿಟರ್ನ್‌ನ ಪ್ರತಿಗಳು ಹೆಂಡತಿಯ ಕಡತದಲ್ಲೂ ಪ್ರತ್ಯೇಕವಾಗಿ ಇರಬೇಕು. ಗಳಿಸುವವರು ಹೆಂಡತಿಯಾಗಿದ್ದರೆ ಪತ್ರ ಅವರಿಂದ. ನಿವೃತ್ತರು ಪಿಂಚಣಿಯ ದಾಖಲೆ ಕೊಡಬಹುದು. ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವಂಥದ್ದಾಗಿರಬೇಕು.

ಹಣ ಮತ್ತು ಕ್ಯಾಬಿನ್

ಜಾಹೀರಾತಿನಲ್ಲಿ ಕಾಣುವ ದರ ತಲಾ ದರ; ಇಬ್ಬರಿಗೆ ದುಪ್ಪಟ್ಟು. ಅದರ ಮೇಲೆ ಬಂದರು ಶುಲ್ಕ ಮತ್ತು ತೆರಿಗೆ, ಸಿಬ್ಬಂದಿಗೆಂದು ದಿನವೂ ತಲಾ ಸುಮಾರು 10ರಿಂದ 20 ಯೂರೋ ಸೇವಾ ಶುಲ್ಕ, ಪಾನೀಯ, ವೈಫೈ, ದಡದ ಪ್ರವಾಸಗಳು, ವಿಮಾನ, ಹಿಂದು ಮುಂದಿನ ಹೋಟೆಲು, ವೀಸಾ, ವಿಮೆ ಎಲ್ಲ ಸೇರುತ್ತವೆ. ಗ್ರೀಸ್ 2025ರಿಂದ ಕ್ರೂಸ್ ಪ್ರಯಾಣಿಕರ ಮೇಲೆ ಶುಲ್ಕ ವಿಧಿಸುತ್ತಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಯಾಂಟೊರಿನಿ ಮತ್ತು ಮೈಕೊನೊಸ್‌ಗಳಲ್ಲಿ ಅದು ತಲಾ 20 ಯೂರೋ. ನನ್ನ ಅಂದಾಜಿನಲ್ಲಿ ಕ್ರೂಸ್‌ನ ದರ ಒಟ್ಟು ಖರ್ಚಿನ ಅರ್ಧವಷ್ಟೇ. ಪ್ರವಾಸ ಕಂಪನಿಯ ಮೂಲಕ ಬುಕಿಂಗ್ ಮಾಡಿದರೆ ಟಿಸಿಎಸ್ ಎಂಬ ತೆರಿಗೆಯನ್ನು ಮೊದಲೇ ವಸೂಲು ಮಾಡುತ್ತಾರೆ. ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದ್ದರಿಂದ ಯಾರ ಪ್ಯಾನ್ ಸಂಖ್ಯೆಯಲ್ಲಿ ವಸೂಲಾಗಬೇಕು ಎಂಬುದನ್ನು ಮುಂಚೆಯೇ ತೀರ್ಮಾನಿಸಿ. ಹಡಗಿನಲ್ಲಿ ನಗದು ನಡೆಯುವುದಿಲ್ಲ; ಎಲ್ಲ ಖರ್ಚೂ ಕ್ಯಾಬಿನ್‌ನ ಖಾತೆಗೆ ಸೇರಿ ಕೊನೆಗೆ ಕಾರ್ಡಿನಿಂದ ಹೋಗುತ್ತದೆ. ಇಬ್ಬರ ಹತ್ತಿರವೂ ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಇದ್ದರೆ ಒಂದು ಕೈಕೊಟ್ಟಾಗ ಇನ್ನೊಂದು ಒದಗುತ್ತದೆ.

ಕ್ಯಾಬಿನ್‌ನಲ್ಲಿ ಕಿಟಕಿಯಿಲ್ಲದ್ದು, ಕಿಟಕಿಯಿರುವುದು, ಬಾಲ್ಕನಿಯದ್ದು ಎಂಬ ಮೂರು ಮುಖ್ಯ ಬಗೆಗಳಿವೆ. ಕಿಟಕಿಯಿಲ್ಲದ್ದು ಅಗ್ಗ, ಆದರೆ ಬೆಳಗಾಯಿತೋ ಇಲ್ಲವೋ ತಿಳಿಯದ ಕತ್ತಲೆಯಲ್ಲಿ ಇಬ್ಬರು ಒಂದು ವಾರ ಇರುವುದು ಎಲ್ಲರಿಗೂ ಹಿಡಿಸುವುದಿಲ್ಲ. ನಾರ್ವೆಗೆ ಬಾಲ್ಕನಿ ತೆಗೆದುಕೊಂಡರೆ ಕೊಟ್ಟ ಹಣ ಸಾರ್ಥಕ. ದಿನವಿಡೀ ಊರು ಸುತ್ತುವ ಪಶ್ಚಿಮ ಮೆಡಿಟರೇನಿಯನ್ ದಾರಿಯಲ್ಲಿ ಕಿಟಕಿಯ ಕ್ಯಾಬಿನ್ ಸಾಕು. ಕಡಲಿನಲ್ಲಿ ತಲೆ ಸುತ್ತುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ ಪಡೆಯಬೇಕು, ಅಲ್ಲಿ ಹೊಯ್ದಾಟ ಕಡಿಮೆ. ಎರಡು ಮಂಚಗಳನ್ನು ಕೂಡಿಸಿ ಇಡುತ್ತಾರೆ. ಬೇರೆ ಬೇರೆ ಬೇಕಾದರೆ ಬುಕಿಂಗ್ ಸಮಯದಲ್ಲೇ ತಿಳಿಸಬೇಕು.

ಊಟ

ಕರಾವಳಿಯ ದಂಪತಿಗಳು ಕ್ರೂಸ್ ಎಂದಾಗ ಮೊದಲು ಕೇಳುವುದು ಊಟದ ವಿಷಯವನ್ನೇ, ಮತ್ತು ಅದು ಸರಿಯಾದ ಪ್ರಶ್ನೆ. ದೊಡ್ಡ ಹಡಗುಗಳ ಅಡುಗೆಮನೆಯಲ್ಲಿ ಭಾರತದ ಬಾಣಸಿಗರು ಇರುವುದು ಸಾಮಾನ್ಯ. ದಾಲ್, ಅನ್ನ, ಒಂದು ಪಲ್ಯ ಕೇಳಿದರೆ ಸಿಗುತ್ತದೆ. ಆದರೆ ಮೊದಲ ದಿನ ಮೇಜಿನಲ್ಲಿ ಕುಳಿತು ಕೇಳಿದರೆ ಅಲ್ಲ. ಹೊರಡುವುದಕ್ಕೆ ಒಂದೂವರೆ, ಎರಡು ತಿಂಗಳು ಮೊದಲೇ ಕಂಪನಿಗೆ ಬರಹದಲ್ಲಿ ತಿಳಿಸಿ, ಒಪ್ಪಿಗೆಯ ಉತ್ತರವನ್ನು ಮುದ್ರಿಸಿಕೊಂಡು ಹೋಗಬೇಕು. ‘ಸಸ್ಯಾಹಾರ’ ಎಂದಷ್ಟೇ ಬರೆದರೆ ಮೊಟ್ಟೆ ಬರಬಹುದು, ಸೂಪಿನಲ್ಲಿ ಮಾಂಸದ ಸಾರು ಇರಬಹುದು, ಸಿಹಿತಿಂಡಿಯಲ್ಲಿ ಜೆಲಾಟಿನ್ ಇರಬಹುದು. ಮೊಟ್ಟೆ, ಮೀನು, ಮಾಂಸದ ಸಾರು, ಜೆಲಾಟಿನ್ ಬೇಡವೆಂದು ಒಂದೊಂದಾಗಿ ಹೆಸರಿಸಿ. ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಟ್ಟವರು ‘ಜೈನ ಊಟ’ ಎಂದು ಕೇಳಿದರೆ ಬಾಣಸಿಗರಿಗೆ ಬೇಗ ಅರ್ಥವಾಗುತ್ತದೆ. ಮೀನು ತಿನ್ನುವವರಿಗೆ ತೊಂದರೆಯಿಲ್ಲ. ಆದರೆ ಮೆಡಿಟರೇನಿಯನ್ ತೀರದಲ್ಲಿ ಮೀನನ್ನು ಆಲಿವ್ ಎಣ್ಣೆ, ನಿಂಬೆರಸ ಹಾಕಿ ಸುಡುತ್ತಾರೆ. ಅದರ ರುಚಿ ಬೇರೆ, ಗಸಿಯ ನಿರೀಕ್ಷೆ ಇಟ್ಟುಕೊಳ್ಳಬಾರದು. ಕುಚ್ಚಲಕ್ಕಿ ಅನ್ನ ಸಿಗುವುದಿಲ್ಲ.

ಊರಿನಿಂದ ಏನು ಒಯ್ಯಬಹುದು ಎಂಬುದಕ್ಕೆ ಐರೋಪ್ಯ ಒಕ್ಕೂಟದ ನಿಯಮವಿದೆ. ಹೊರದೇಶಗಳಿಂದ ಬರುವವರು ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ತರುವಂತಿಲ್ಲ. ಹಾಗಾಗಿ ತುಪ್ಪ, ಪೇಡಾ, ಹಾಲಿನ ಪುಡಿ ಮನೆಯಲ್ಲೇ ಇರಲಿ. ಹಸಿ ಕರಿಬೇವು, ವೀಳ್ಯದೆಲೆ, ಹೆಚ್ಚಿನ ತಾಜಾ ಹಣ್ಣು ತರಕಾರಿಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಅದು ಪ್ರವಾಸಿಗರಿಗೆ ಆಗುವ ಕೆಲಸವಲ್ಲ. ಎಲೆಯಡಿಕೆಯ ಅಭ್ಯಾಸ ಇರುವವರು ಇದನ್ನು ಮೊದಲೇ ತಿಳಿದಿರಬೇಕು. ಅಂಗಡಿಯ ಮೊಹರು ಒಡೆಯದ ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ, ಖಾರದ ತಿಂಡಿಗಳ ಸಣ್ಣ ಪೊಟ್ಟಣಗಳು ಸಾಕು. ಮನೆಯಲ್ಲಿ ಮಾಡಿದ ತಿಂಡಿಯನ್ನು ಹತ್ತುವಾಗ ಹಡಗಿನವರು ತಡೆಯಬಹುದು. ವಿದ್ಯುತ್ ಕೆಟಲ್, ಸಣ್ಣ ಕುಕ್ಕರ್, ಇಸ್ತ್ರಿಪೆಟ್ಟಿಗೆಗಳನ್ನು ಬೆಂಕಿಯ ಭಯದಿಂದ ತೆಗೆದಿಟ್ಟುಕೊಂಡು ಕೊನೆಯ ದಿನ ಮರಳಿಸುತ್ತಾರೆ. ಬಿಸಿನೀರು ಬಫೆಯಲ್ಲಿ ಯಾವಾಗಲೂ ಸಿಗುತ್ತದೆ. ಹಡಗಿನ ಊಟವನ್ನು ಕಟ್ಟಿಕೊಂಡು ದಡಕ್ಕೆ ಇಳಿಯುವುದಕ್ಕೆ ಮಾತ್ರ ಹೆಚ್ಚಿನ ಬಂದರುಗಳಲ್ಲಿ ಅನುಮತಿಯಿಲ್ಲ.

ಆರೋಗ್ಯ

ಹಡಗಿನ ವೈದ್ಯರ ಶುಲ್ಕ ದುಬಾರಿ, ದಡದ ಆಸ್ಪತ್ರೆಗೆ ಸಾಗಿಸಬೇಕಾದರೆ ಇನ್ನೂ ದುಬಾರಿ. ವೀಸಾಕ್ಕೆ ಸಾಕಾಗುವ ಕನಿಷ್ಠ ವಿಮೆಯ ಬದಲು ಕ್ರೂಸ್ ಪ್ರವಾಸವನ್ನೂ ತುರ್ತು ಸಾಗಣೆಯನ್ನೂ ಮೊದಲೇ ಇರುವ ಬಿಪಿ, ಮಧುಮೇಹ, ಹೃದಯದ ತೊಂದರೆಗಳನ್ನೂ ಸ್ಪಷ್ಟವಾಗಿ ಒಳಗೊಂಡ ವಿಮೆ ಮಾಡಿಸಬೇಕು. ಕಾಯಿಲೆಯನ್ನು ಮುಚ್ಚಿಟ್ಟು ಕಡಿಮೆ ಕಂತು ಕಟ್ಟಿದರೆ ಬೇಕಾದಾಗ ಹಣ ಬರುವುದಿಲ್ಲ. ಇಬ್ಬರ ಮಾತ್ರೆಗಳನ್ನೂ ಮೂಲ ಪೊಟ್ಟಣಗಳಲ್ಲೇ, ವೈದ್ಯರ ಚೀಟಿಯ ಜತೆಗೆ, ಕೈಚೀಲದಲ್ಲಿ ಒಯ್ಯಿರಿ. ಪ್ರವಾಸದ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚು ಇರಲಿ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಕಡಲಿನಲ್ಲಿ ಮೆಲ್ಟೆಮಿ ಎಂಬ ಬಡಗಣ ಗಾಳಿ ಬಲವಾಗಿ ಬೀಸುತ್ತದೆ, ಕಡಲು ತಲೆ ತಿರುಗಿಸುವ ಮಟ್ಟಿಗೆ ಏಳಬಹುದು. ವಾಂತಿ ತಡೆಯುವ ಮಾತ್ರೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿಕೊಂಡೇ ಹೊರಡಿ. ಹಡಗುಗಳಲ್ಲಿ ಹರಡುವ ನೊರೊವೈರಸ್ ವಾಂತಿಭೇದಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಬೇಕು.

ಹಡಗಿನಲ್ಲಿ, ದಡದಲ್ಲಿ

ಮೊದಲ ದಿನದ ಸುರಕ್ಷತಾ ತಾಲೀಮನ್ನು ಯಾರೂ ಹಗುರವಾಗಿ ಕಾಣಬಾರದು. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಬಂಡೆಗೆ ತಾಗಿ ಮಗುಚಿದ ಕೋಸ್ಟಾ ಕಾಂಕೋರ್ಡಿಯಾದಲ್ಲಿ 32 ಮಂದಿ ಸತ್ತರು. ಆ ಬಳಿಕ ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಎಲ್ಲ ಪ್ರಯಾಣಿಕರಿಗೂ ತಾಲೀಮು ಮಾಡಿಸುವುದು ಕಡ್ಡಾಯವಾಯಿತು. ನಿಮ್ಮಿಬ್ಬರ ಸೇರುವ ಜಾಗ ಯಾವುದು, ಕ್ಯಾಬಿನ್‌ನಿಂದ ಅಲ್ಲಿಗೆ ಯಾವ ಮೆಟ್ಟಿಲು ಎಂಬುದನ್ನು ಒಮ್ಮೆ ನಡೆದು ನೋಡಿಕೊಳ್ಳಿ. ಮೊಬೈಲನ್ನು ಹಡಗು ಹೊರಡುವ ಮೊದಲೇ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಇಲ್ಲವಾದರೆ ಅದು ಹಡಗಿನ ಉಪಗ್ರಹ ಜಾಲಕ್ಕೆ ಸೇರಿಕೊಂಡು ಭಾರಿ ಬಿಲ್ಲು ಬರಬಹುದು. ಔತಣದ ಸಂಜೆಗಳಿಗೆ ಕೋಟು, ಗೌನು ಕೊಳ್ಳುವ ಅಗತ್ಯವಿಲ್ಲ. ರೇಷ್ಮೆ ಸೀರೆಗೂ ಜುಬ್ಬಾಕ್ಕೂ ಅಲ್ಲಿ ಪೂರ್ಣ ಮರ್ಯಾದೆ ಇದೆ. ಚರ್ಚುಗಳಿಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಬಾರ್ಸಿಲೋನಾ, ರೋಮ್, ನೇಪಲ್ಸ್‌ಗಳಲ್ಲಿ ಜೇಬುಗಳ್ಳರ ಕಾಟ ಇರುವುದರಿಂದ ದಪ್ಪ ಚಿನ್ನದ ಸರಗಳನ್ನು ಲಾಕರಿನಲ್ಲಿಟ್ಟು, ಸಣ್ಣ ಕರಿಮಣಿಯೊಂದನ್ನೇ ಹಾಕಿಕೊಂಡು ಹೋಗುವುದು ಕ್ಷೇಮ.

ದಡದ ಪ್ರವಾಸವನ್ನು ಹಡಗಿನ ಮೂಲಕ ಕೊಳ್ಳಬೇಕೋ ತಾವೇ ಹೋಗಬೇಕೋ ಎಂಬುದಕ್ಕೆ ದೂರವೇ ಅಳತೆ. ಹಡಗಿನವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನೀವಾಗಿ ಹೋಗಿ ತಡ ಮಾಡಿದರೆ ಬಿಟ್ಟು ಹೋಗುತ್ತದೆ. ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಬೇಕು. ಒಂದು ಗಂಟೆಗಿಂತ ದೂರವಿರುವ ಫ್ಲಾರೆನ್ಸ್, ರೋಮ್‌ಗಳಿಗೆ ಮೊದಲ ಸಲ ಹಡಗಿನ ಬಸ್ಸನ್ನೇ ಹಿಡಿಯಿರಿ. ಪಿರೇಯಸ್‌ನಿಂದ ಅಥೆನ್ಸ್‌ಗೆ ಮೆಟ್ರೋ ಇದೆ, ಡುಬ್ರೊವ್ನಿಕ್‌ನಲ್ಲಿ ಗ್ರುಜ್ ಬಂದರಿನಿಂದ ಹಳೆಯ ಊರು ಮೂರು ಕಿಲೋಮೀಟರ್ ಅಷ್ಟೇ. ಅಲ್ಲೆಲ್ಲ ಇಬ್ಬರೇ ಹೋಗಬಹುದು. ಸ್ಯಾಂಟೊರಿನಿಯಲ್ಲಿ ದೊಡ್ಡ ಹಡಗು ದಕ್ಕೆಗೆ ಬರುವುದಿಲ್ಲ. ಸಣ್ಣ ದೋಣಿಯಲ್ಲಿ ಇಳಿಸಿದ ಮೇಲೆ ಫಿರಾ ಊರಿಗೆ ಏರಲು ಕೇಬಲ್ ಕಾರು ಇಲ್ಲವೇ 500ಕ್ಕೂ ಹೆಚ್ಚು ಮೆಟ್ಟಿಲುಗಳು. ಮಧ್ಯಾಹ್ನದ ಮೇಲೆ ಕೇಬಲ್ ಕಾರಿನ ಸಾಲು ಬಹಳ ಉದ್ದವಾಗುತ್ತದೆ, ಹಾಗಾಗಿ ಬೇಗ ಹೋಗಿ ಬೇಗ ಇಳಿಯಬೇಕು. ಅಕ್ರೊಪೊಲಿಸ್, ವ್ಯಾಟಿಕನ್ ವಸ್ತುಸಂಗ್ರಹಾಲಯ, ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಚರ್ಚುಗಳಿಗೆ ಗಂಟೆ ನಿಗದಿಯಾದ ಟಿಕೆಟ್‌ಗಳನ್ನು ಊರಿನಲ್ಲಿರುವಾಗಲೇ ಕೊಂಡಿರಬೇಕು. ಕೈಗಡಿಯಾರದಲ್ಲಿ ಹಡಗಿನ ಸಮಯವನ್ನೇ ಇಟ್ಟುಕೊಳ್ಳಿ. ದೇಶ ಬದಲಾದಾಗ ಮೊಬೈಲಿನ ಸಮಯ ಹಡಗಿನದಕ್ಕಿಂತ ಒಂದು ಗಂಟೆ ಆಚೀಚೆ ಆಗಬಹುದು.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕ್ಯಾಬಿನ್‌ನ ಹೊರಗೆ ಇಡಲು ಹೇಳುತ್ತಾರೆ, ಅವು ಮರುದಿನ ಬೆಳಗ್ಗೆ ದಕ್ಕೆಯಲ್ಲೇ ಸಿಗುವುದು. ಪಾಸ್‌ಪೋರ್ಟ್, ಮಾತ್ರೆ, ಮರುದಿನದ ಬಟ್ಟೆ, ಚಪ್ಪಲಿ ಕೈಚೀಲದಲ್ಲಿ ಉಳಿಸಿಕೊಳ್ಳಬೇಕು. ಖಾತೆಯ ಬಿಲ್ಲನ್ನು ಆ ರಾತ್ರಿಯೇ ಇಬ್ಬರೂ ಸಾಲು ಸಾಲಾಗಿ ನೋಡಿ, ತಪ್ಪಿದ್ದರೆ ಕೌಂಟರಿನಲ್ಲಿ ಸರಿಪಡಿಸಿಕೊಳ್ಳಿ; ಬೆಳಗ್ಗೆ ಅಲ್ಲಿ ನೂರಾರು ಜನರ ಸಾಲು ಇರುತ್ತದೆ. ಊರಿಗೆ ಮರಳುವ ವಿಮಾನ ಬಾರ್ಸಿಲೋನಾದಂಥ ಹತ್ತಿರದ ನಿಲ್ದಾಣದಿಂದ ಆದರೆ ಮಧ್ಯಾಹ್ನ ಒಂದು ಗಂಟೆಯ ನಂತರದ್ದು, ಚಿವಿತಾವೆಕ್ಕಿಯಾ, ರವೆನ್ನಾಗಳಂಥ ಕಡೆಯಿಂದ ಆದರೆ ಸಂಜೆಯದ್ದು ಇರಲಿ.